ನಮ್ಮ ಹುಡುಗಿಯರೇ ಆಡಲಿ

ಬ್ಯಾಡಗಿಯಲ್ಲಿ ನಾನು ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಹಾವೇರಿಯಲ್ಲಿ ರಾಣೆಬೆನ್ನೂರು ತಂಡದ ವಿರುದ್ಧ ನಡೆಯಲಿದ್ದ ಫೈನಲ್‌ಗೆ ಮುಂಚೆ, ನಮ್ಮ ತಂಡಕ್ಕೆ ಬೂಟು ಕೊಡಿಸಿದ್ದ ಮೆಣಸಿನಕಾಯಿ ವ್ಯಾಪಾರಿ ಶಿವಪ್ಪನವರು ಹಟ ಹಿಡಿದರು.

"ರಾಣೆಬೆನ್ನೂರಿನವ್ರು ಹೊರಗಿಂದ ದೊಡ್ಡ ಆಟಗಾರ್ತಿಯರನ್ನ ತಂದಾರ. ನಾವೂ ಇಬ್ಬರನ್ನ ತರೂಣ್ರಿ ಸರ."

"ನಾಕು ವರ್ಷ ಕಲಿತವರೊಳಗ ಯಾರನ್ನ ಹೊರಗ ಕುಂದರಸ್ಲಿ? ನೀವಽ ಹೇಳ್ರಿ," ಅಂದೆ.

ಅವರು ಸಿಟ್ಟಾಗಿ, ಕೊಡುತ್ತೇನೆಂದಿದ್ದ ಗಾಡಿ ಕಳಿಸಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಕೊನೆಯ ನಿಮಿಷದಲ್ಲಿ ನಮ್ಮ ಪಕ್ಕದ ಹಳ್ಳಿ ಕದರಮಂಡಲಗಿಯ ರೇಣುಕಾ ಗೋಲು ಹೊಡೆದಳು, ಗೆದ್ದೆವು! ನಾನು ಚಪ್ಪಲಿ ಬಿಟ್ಟು ಕುಣಿದೆ.

ಅಷ್ಟರಲ್ಲಿ ರಾಣೆಬೆನ್ನೂರು ತಂಡದ ಯಜಮಾನರು ಬಂದರು. "ಸರ, ಈ ಹುಡುಗೀನ ಮುಂದಿನ ವರ್ಷ ನಮಗ ಕೊಡ್ರಿ."

ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ಅಂದಳು: "ನಿಮ್ಮೂರಾಗೂ ಹುಡುಗ್ಯಾರು ಅದಾರಲ್ರಿ ಕಾಕಾ, ಅವರಿಗೆ ಕಲಸ್ರಿ."

ಗೋಲು ಹೊಡೆಯುವುದನ್ನು ಅವಳಿಗೆ ಕಲಿಸಿದವನು ನಾನೇ. ಹೀಗೆ ಮಾತಾಡುವುದನ್ನು ಮಾತ್ರ ಖರೇ ನಾನು ಕಲಿಸಿಲ್ಲ.