ಹೊಸಿಲು ದಾಟದ ಹಸು

ಎಲ್ಲವೂ ದೇವರ ಇಚ್ಛೆ, ಅವನಿಗೆ ಗೊತ್ತಿರುತ್ತದೆ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಟ್ಟದ್ದಾದಾಗ ನೊಂದವರ ಬಾಯಿ ಮುಚ್ಚಿಸಲು ಆಡುವ ಮಾತು ಅದು. ಇದನ್ನು ಓದಿ ನಾನು ಬದಲಾದೆ ಎಂದುಕೊಳ್ಳಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಎಂಬತ್ತರ ದಶಕದ ಮಾತು. ಅಮ್ಮ ಮದುವೆಯಾಗಿ ಬಂದಂದಿನಿಂದ ವಿಜಯನಗರದ ವಠಾರವೊಂದರಲ್ಲಿ ಮಾಲೀಕರ ಹಂಗಿನ ಮಾತು ನುಂಗಿಕೊಂಡು ಸಂಸಾರ ಮಾಡಿದವಳು. ಸ್ವಂತ ಒಲೆಯ ಮೇಲೆ ಹಾಲುಕ್ಕಿಸಬೇಕು ಎಂಬುದೊಂದೇ ಅವಳ ಆಸೆ. ಅಂತೂ ಬಸವೇಶ್ವರನಗರದಲ್ಲಿ ನಮ್ಮ ಮನೆ ಎದ್ದಿತು. ಮಾಘದ ಚಳಿಯಲ್ಲಿ ಬೆಳಗಿನ ಜಾವದ ಮುಹೂರ್ತ. ಅದು ತಪ್ಪಿದರೆ ಆ ವರ್ಷ ಬೇರೆ ಒಳ್ಳೆಯ ಗಳಿಗೆ ಇಲ್ಲ ಎಂದು ಪುರೋಹಿತರು ಮೊದಲೇ ಹೆದರಿಸಿದ್ದರು.

ಪದ್ಧತಿಯಂತೆ ಹಸು ಮೊದಲು ಒಳಹೋಗಬೇಕು. ಹೊಸಹಳ್ಳಿಯ ಹಾಲಿನ ರಂಗಣ್ಣ ತನ್ನ ಸಾಧು ಹಸುವನ್ನು ಕರೆತಂದಿದ್ದ. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಬಂದ ಹಸು ಹೊಸಿಲ ಮುಂದೆ ನಿಂತುಬಿಟ್ಟಿತು. ಬಾಳೆಹಣ್ಣು ತೋರಿಸಿದೆವು, ಹಿಂದಿನಿಂದ ತಳ್ಳಿದೆವು. ಜಪ್ಪಯ್ಯ ಅಂದರೂ ಕದಲಲಿಲ್ಲ. ಆಮೇಲೆ ಹಗ್ಗ ಕಿತ್ತುಕೊಂಡು, ಪಕ್ಕದ ಖಾಲಿ ಸೈಟಿನಲ್ಲಿದ್ದ ವಾಚ್‌ಮನ್ ಶೆಡ್ಡಿನ ಕಡೆ ಹೊರಟಿತು. ಎಳೆದು ತಂದರೆ ಮತ್ತೆ ಅಲ್ಲಿಗೇ.

"ಟೈಮ್ ಆಗೋಯ್ತು ಸ್ವಾಮಿ, ಆಗೋಯ್ತು!" ಎಂದು ಪುರೋಹಿತರು ಕೂಗಿದರು. ಬಂಧುಗಳು ಅಪಶಕುನ ಎಂದು ಪಿಸುಗುಟ್ಟತೊಡಗಿದರು. ಅಮ್ಮ ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದಳು. ಆ ಮುಖ ನೋಡಿ ನನಗೆ ಹಸುವಿನ ಮೇಲಲ್ಲ, ದೇವರ ಮೇಲೆಯೇ ಸಿಟ್ಟು ನೆತ್ತಿಗೇರಿತು. ಅವಳನ್ನು ಇಷ್ಟು ವರ್ಷ ಕಾಯಿಸಿದ್ದು ಸಾಲದೆ?

ಅಷ್ಟರಲ್ಲಿ ಹಸು ಶೆಡ್ಡಿನ ತಗಡಿನ ಬಾಗಿಲನ್ನು ಹಣೆಯಿಂದ ಗುದ್ದಿ ಕೆಡವಿ ಒಳನುಗ್ಗಿತು. ಬೈಯುತ್ತಾ ಹಿಂದೆ ಓಡಿದ ನನಗೆ ಬಾಗಿಲಲ್ಲೇ ಹೊಗೆಗೆ ಕೆಮ್ಮು ಬಂತು. ವಾಚ್‌ಮನ್ ಮುನಿಯಪ್ಪ ರಾತ್ರಿಯಿಂದ ನಮ್ಮ ಚಪ್ಪರದ ಕೆಲಸದಲ್ಲಿದ್ದ. ಅವನ ಹೆಂಡತಿ ಗೌರಮ್ಮ ಚಳಿಗೆಂದು ಬಾಂಡ್ಲಿಯಲ್ಲಿ ಕೆಂಡವಿಟ್ಟುಕೊಂಡು, ಬಾಗಿಲು ಬಿಗಿದು, ಕೂಸಿನೊಂದಿಗೆ ಮಲಗಿದ್ದಳು. ಇಬ್ಬರಿಗೂ ಎಚ್ಚರವಿರಲಿಲ್ಲ. ಹೊರಗೆ ತಂದು ಗಾಳಿ ಬೀಸಿದ ಮೇಲೆ ಮೊದಲು ಕೂಸು ಅತ್ತಿತು, ಆಮೇಲೆ ತಾಯಿ ಕಣ್ಣು ಬಿಟ್ಟಳು.

ರಂಗಣ್ಣ ಹಸುವನ್ನು ಹೊರಗೆಳೆದು ತಂದ. "ಹೊಗೆ ಕಂಡ್ರೆ ಮಾರುದೂರ ಓಡೋ ಹಸು ಸಾರ್ ಇದು. ಯಾಕ್ ಹೋಯ್ತೋ ದೇವ್ರಾಣೆ ಗೊತ್ತಿಲ್ಲ."

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ತಾಯಿ ಮಗುವನ್ನು ಉಳಿಸುವ ಮನಸ್ಸಿದ್ದರೆ, ಕೂಗಳತೆಯಲ್ಲಿದ್ದ ಗಂಡನಿಗೆ ಒಮ್ಮೆ ಹೋಗಿ ನೋಡುವ ಬುದ್ಧಿ ಕೊಡಬಾರದಿತ್ತೆ? ಅದಕ್ಕೆ ಹಸುವೇ ಬೇಕಿತ್ತೆ? "ನಿನ್ ಮುಹೂರ್ತಾನೇ ಹಾಳ್ ಮಾಡ್ಬೇಕಿತ್ತಾ ನಿನ್ ದೇವ್ರು?" ಎಂದು ಅಮ್ಮನ ಮೇಲೆಯೇ ಹರಿಹಾಯ್ದೆ.

ಅಮ್ಮ ಆಗಲೇ ಹೊಸ ಒಲೆಯ ಮೇಲೆ ಹಾಲುಕ್ಕಿಸಿ, ದೇವರಿಗೂ ಇಡದೆ, ಮೊದಲ ಲೋಟವನ್ನು ಗೌರಮ್ಮನಿಗೆ ಕೊಟ್ಟು ಬಂದಿದ್ದಳು.

"ಮುಹೂರ್ತ ಇಲ್ದೇ ಹೋಗಿದ್ರೆ ಆ ಹೊತ್ನಲ್ಲಿ ಇಲ್ಲಿ ಯಾರ್ ಇರ್ತಿದ್ರೋ? ಹಸು ಎಲ್ಲಿಂದ ಬರ್ತಿತ್ತು?" ಎಂದಳು.

ನನ್ನ ಸಿಟ್ಟು ಇವತ್ತಿಗೂ ಹಾಗೇ ಇದೆ. ಯಾರ ಮೇಲೆ ಎಂಬುದೇ ತಿಳಿಯದಾಗಿದೆ.