ತೊಲೆಯ ಕೆಳಗಿನ ಜಯಣ್ಣ

ಬೇಕರಿ ಜಯಣ್ಣ ಬ್ರೆಡ್ಡನ್ನು ಗಿರಾಕಿಗಳ ಕೈಗೆ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದರು. ಸೋಮವಾರಪೇಟೆಯ ಮಳೆಯ ಎರಚಲು ಒಳಗೆ ಬಾರದಿರಲೆಂದು ಅವರ ಅಂಗಡಿಯ ಶಟರ್ ವರ್ಷದಲ್ಲಿ ಎಷ್ಟೋ ತಿಂಗಳು ಅರ್ಧಕ್ಕೇ ಇಳಿದಿರುತ್ತಿತ್ತು. ರಸ್ತೆಯ ಆಚೆ ಜೀಪು ನಿಲ್ಲಿಸಿದವರು ಕೆಳಗಿಳಿಯಲು ಸೋಮಾರಿತನವಾಗಿ ಕುಳಿತಲ್ಲಿಂದಲೇ "ಜಯಣ್ಣಾ, ಒಂದ್ ಬ್ರೆಡ್ಡು" ಎಂದು ಕೂಗುತ್ತಿದ್ದರು. ಇವರು ಸ್ಟೂಲಿನಿಂದ ಏಳದೆ ಕೈಯನ್ನು ಹಿಂದಕ್ಕೆ ಚಾಚಿ ಪ್ಯಾಕೆಟ್ ತೆಗೆದು ಮಣಿಕಟ್ಟನ್ನು ಒಮ್ಮೆ ಚಟ್ಟನೆ ತಿರುಗಿಸುತ್ತಿದ್ದರು. ಬ್ರೆಡ್ಡು ಶಟರಿನ ಕೆಳಗೆ ನುಸುಳಿ, ರಸ್ತೆ ದಾಟಿ, ಜೀಪಿನ ಕಿಟಕಿಯೊಳಗೆ ಹೋಗಿ ಕೂರುತ್ತಿತ್ತು. ದಾರಿಯಲ್ಲಿ ಅದು ಮೇಲೇರಿದ್ದನ್ನು ನಾನಂತೂ ನೋಡಿಲ್ಲ. ಹುಟ್ಟುಹಬ್ಬದ ಕೇಕನ್ನು ಮಾತ್ರ ಕೈಗೆ ಕೊಡುತ್ತಿದ್ದರು, ಅದೂ ಒಲ್ಲದ ಮನಸ್ಸಿನಿಂದ.

ಕುಳ್ಳಗಿನ ಮನುಷ್ಯ. ಮುಂದಕ್ಕೆ ಬಂದ ಹೊಟ್ಟೆ, ಮೊಣಕೈತನಕ ಮೈದಾಹಿಟ್ಟು, ಕಾಲಿಗೆ ಸದಾ ಬಿಳಿ ಕ್ಯಾನ್ವಾಸ್ ಶೂ. ಬೇಕರಿಯವರಿಗೆ ಈ ಶೂ ಯಾಕೆ ಎಂದು ಹೊಸಬರು ಕೇಳಿದರೆ "ಸಂಜೆ ಡ್ಯೂಟಿ ಐತೆ" ಎನ್ನುತ್ತಿದ್ದರು. ಆ ಡ್ಯೂಟಿ ಎಂದರೆ ಊರ ನಡುವೆ, ಸಂತೆಮಾಳದ ಪಕ್ಕದಲ್ಲಿರುವ ಒಳಾಂಗಣ ಕ್ರೀಡಾಂಗಣದಲ್ಲಿ ಶಟಲ್ ಆಡುವುದು ಮತ್ತು ಆಡಿಸುವುದು. ಅದನ್ನು ಅವರಿಗೆ ವಹಿಸಿದವರು ಯಾರೂ ಇರಲಿಲ್ಲ. ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

'ಒಳಾಂಗಣ ಕ್ರೀಡಾಂಗಣ' ಎನ್ನುವುದು ಬೋರ್ಡಿನ ಮೇಲಿನ ಹೆಸರು, ಊರಿನ ಬಾಯಲ್ಲಿ ಅದು ಗೋಡೌನು. ಹಿಂದೆ ಅಲ್ಲಿ ಕಾಫಿ ಮೂಟೆಗಳನ್ನು ಪೇರಿಸಿಡುತ್ತಿದ್ದರಂತೆ. ಕಾಫಿ ಬೇರೆ ಕಡೆ ಹೋದ ಮೇಲೆ ಖಾಲಿ ಬಿದ್ದಿದ್ದನ್ನು ಊರಿನವರೇ ಸಮಿತಿ ಮಾಡಿಕೊಂಡು, ನೆಲಕ್ಕೆ ಗಾರೆ ಹಾಕಿಸಿ, ಬಿಳಿ ಗೆರೆ ಎಳೆಸಿದರು. ಹೆಸರಿಗೆ ಆಟದ ಜಾಗವಾದರೂ ಅಲ್ಲಿ ನಡೆಯದ ಕೆಲಸವಿರಲಿಲ್ಲ. ಕಾಫಿ ಬೆಳೆಗಾರರ ಸಭೆ, ರಕ್ತದಾನ, ಮಳೆಗೆ ಸಿಕ್ಕಿಬಿದ್ದ ಮದುವೆಯ ಊಟದ ಪಂಕ್ತಿ, ಎಲ್ಲವೂ ಅಲ್ಲೇ. ಸೋಮವಾರ ಸಂತೆಯ ಹೊತ್ತಿಗೆ ಮಳೆ ಜೋರಾದರೆ ಮೆಣಸಿನಕಾಯಿ ಮೂಟೆಗಳೂ ಒಳಗೆ ಬರುತ್ತಿದ್ದವು. ಹಾಗಾಗಿ ಮಂಗಳವಾರ ನಾವು ಆಡಿದ್ದಕ್ಕಿಂತ ಸೀನಿದ್ದೇ ಹೆಚ್ಚು. ನೆಲ ತೇವವಾದ ದಿನ ಗಾರೆಯ ಕೆಳಗಿನಿಂದ ಹಳೆಯ ಕಾಫಿಯ ವಾಸನೆ ಎದ್ದು ಬರುತ್ತಿತ್ತು. ಇವತ್ತಿಗೂ ಎಲ್ಲಾದರೂ ಕಾಫಿಬೀಜ ಹುರಿಯುವ ವಾಸನೆ ಬಂದರೆ ನನಗೆ ಕುಡಿಯಬೇಕೆನ್ನಿಸುವುದಿಲ್ಲ, ಆಡಬೇಕೆನ್ನಿಸುತ್ತದೆ.

ಆ ಕಟ್ಟಡದ ದೊಡ್ಡ ಕುಂದು ಒಂದು ತೊಲೆ. ಗೋಡೆಯಿಂದ ಗೋಡೆಗೆ ಹಾದುಹೋಗಿದ್ದ ತೇಗದ ತೊಲೆ, ಸರಿಯಾಗಿ ನೆಟ್ಟಿನ ನೇರಕ್ಕೆ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತರೆ ಕೈಗೆ ಸಿಗುವಷ್ಟು ಕೆಳಗೆ. ಶಟಲಿನ ಕಾಕನ್ನು ಸ್ವಲ್ಪ ಎತ್ತರಕ್ಕೆ ಹೊಡೆದರೂ ಅದಕ್ಕೆ ಬಡಿದು ತಲೆಯ ಮೇಲೆ ಬೀಳುತ್ತಿತ್ತು. ಬೇರೆಯವರಾಗಿದ್ದರೆ ಆ ತೊಲೆಗೆ ಶಾಪ ಹಾಕುತ್ತಿದ್ದರು. ಜಯಣ್ಣ ಅದಕ್ಕೊಂದು ಕಾನೂನು ಮಾಡಿದರು: ತೊಲೆಗೆ ತಾಗಿಸಿದವರ ಪಾಯಿಂಟ್ ಹೋಯಿತು, ಜೊತೆಗೆ ಆಟ ಮುಗಿದ ಮೇಲೆ ಇಡೀ ನೆಲವನ್ನು ಅವರೇ ಒರೆಸಬೇಕು. ಯಾರಾದರೂ ತಾಗಿಸಿದರೆ ಎಲ್ಲರೂ ಒಟ್ಟಿಗೆ "ತೊಲೆ!" ಎಂದು ಕೂಗುತ್ತಿದ್ದೆವು. ತಾಗಿಸಿದವರು ಮೂಲೆಯಲ್ಲಿದ್ದ ಒರೆಸುಬಟ್ಟೆಯ ಕಡೆ ಸಪ್ಪೆ ಮುಖ ಮಾಡಿಕೊಂಡು ನೋಡುತ್ತಿದ್ದರು.

ಆಟಗಾರರನ್ನು ಆರಿಸುವ ಅವರ ಪರೀಕ್ಷೆಯೂ ಬೇಕರಿಯ ಮುಂದೆಯೇ ನಡೆಯುತ್ತಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ಬನ್ನು ತರಲು ಕಳಿಸಿದ್ದಳು. ಜಯಣ್ಣ ಎಸೆದ ಪೊಟ್ಟಣವನ್ನು ಕೊಡೆ ಹಿಡಿಯದ ಎಡಗೈಯಲ್ಲಿ ಹಿಡಿದೆ. "ಯಾರ್ ಮಗಳವ್ವಾ ನೀನು? ನಾಳೆ ಸಂಜೆ ಗೋಡೌನಿಗೆ ಬಾ" ಎಂದರು. ಸೆಲ್ವಿಯದು ಇನ್ನೂ ಜೋರು. ಅವಳು ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹುಡುಗಿ, ತಾಯಿಯ ಜೊತೆ ಸಂತೆಗೆ ಬಂದವಳು ಯಾರದೋ ಜೀಪಿಗೆ ಹೊರಟಿದ್ದ ಬ್ರೆಡ್ಡನ್ನು ರಸ್ತೆಯ ಮಧ್ಯದಲ್ಲೇ ಹಾರಿ ಹಿಡಿದಳು. ಜೀಪಿನವರು ಬೈದರು. ಜಯಣ್ಣ ಸ್ಟೂಲಿನಿಂದ ಎದ್ದು ನಿಂತರು! ಅವರು ಎದ್ದದ್ದನ್ನು ನೋಡಿ ಪಕ್ಕದ ಮೆಡಿಕಲ್ ಶಾಪಿನವರು ಏನಾಯಿತೋ ಎಂದು ಓಡಿಬಂದರು.

ನಾವಿಬ್ಬರೂ ಡಬಲ್ಸ್ ಜೋಡಿಯಾದೆವು. ಜಯಣ್ಣ ಅಂಕಣದ ಆಚೆ ನಿಂತು ಇಡೀ ಸಂಜೆ ಒಂದೇ ಮಾತನ್ನು ಹೇಳುತ್ತಿದ್ದರು: "ಆಕಾಶಕ್ಕ್ಯಾಕವ್ವಾ ಕಳಿಸ್ತೀಯ? ಆಕಾಶದಾಗೆ ಯಾರವ್ರೆ ನಿಂಗೆ? ಎದುರುಗಡೆ ಅವ್ರೆ, ಅವ್ರಿಗೆ ಕಳ್ಸು!" ಮನೆಯಲ್ಲಿ ಅಮ್ಮ ದೋಸೆ ಮಗುಚುವಾಗಲೂ ನನ್ನ ಕಿವಿಯಲ್ಲಿ ಅದೇ ಮಾತು. ಜೂನ್ ಹಿಡಿದರೆ ನಮ್ಮೂರಿನ ಮೈದಾನಗಳೆಲ್ಲ ಕೆಸರು, ಬದಿಯ ಹುಲ್ಲಿನಲ್ಲೆಲ್ಲ ಜಿಗಣೆ. ಗಂಡುಹುಡುಗರು ಆ ಕೆಸರಿನಲ್ಲೇ ಬಿದ್ದು ಹೊರಳಾಡಿ ಫುಟ್‌ಬಾಲ್ ಆಡುತ್ತಿದ್ದರು. ಹುಡುಗಿಯರು ಸ್ಕೂಲು ಬಿಟ್ಟು ನೇರ ಮನೆಗೆ ಹೋಗಿ ಒಲೆಯ ಮುಂದೆ ಕೂರಬೇಕಿತ್ತು. ಆ ಕೆಲವು ತಿಂಗಳು ನಾವು ಓಡಬಹುದಾದ ಜಾಗ ಇಡೀ ಪೇಟೆಯಲ್ಲಿ ಗೋಡೌನೊಂದೇ.

ಅದಕ್ಕೇ ಸಂಚಕಾರ ಬಂತು. ನಾವು ಪಿಯುಸಿಯಲ್ಲಿದ್ದಾಗ ಫರ್ನಿಚರ್ ವ್ಯಾಪಾರಿಯೊಬ್ಬ ಇಡೀ ಕಟ್ಟಡವನ್ನು ವರ್ಷಪೂರ್ತಿ ಬಾಡಿಗೆಗೆ ಕೇಳಿದ. ಸಮಿತಿಯ ಅಧ್ಯಕ್ಷ ಬೆಳ್ಯಪ್ಪನವರು ಕೆಟ್ಟವರಲ್ಲ, ಆದರೆ ಸೋರುವ ಛಾವಣಿಯನ್ನು ನೋಡಿ ನೋಡಿ ಬೇಸತ್ತಿದ್ದರು. ಸಭೆಗೆ ಜಯಣ್ಣ ನಮ್ಮನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದರು.

"ನೋಡಿ ಜಯಣ್ಣ, ಆ ತೊಲೆ ಇರೋತನಕ ಇದು ಸ್ಟೇಡಿಯಂ ಅಲ್ಲ, ಗೋಡೌನೇ" ಎಂದರು ಬೆಳ್ಯಪ್ಪನವರು. "ಇದರ ಕೆಳಗೆ ಆಡಿ ಕಲಿತವರು ಹೊರಗೆ ಹೋಗಿ ಒಂದು ಕಪ್ ಗೆದ್ದದ್ದುಂಟಾ?"

"ಮೇ ತಿಂಗ್ಳಲ್ಲಿ ಮಡಿಕೇರೀಲಿ ಜಿಲ್ಲಾ ಟೂರ್ನಮೆಂಟ್ ಐತೆ. ಈ ಹೆಣ್ಮಕ್ಕಳು ತಂದ್ರೆ?"

"ತಂದರೆ ಫರ್ನಿಚರಿನವರಿಗೆ ನಾನೇ ಇಲ್ಲ ಅಂತ ಹೇಳ್ತೇನೆ."

"ತರ್ದೇ ಇದ್ರೆ ಬೀಗದ ಕೈ ನಾನೇ ತಂದು ನಿಮ್ ಕೈಗೆ ಕೊಡ್ತೀನಿ" ಎಂದುಬಿಟ್ಟರು ಜಯಣ್ಣ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಸೆಲ್ವಿ ನನ್ನ ತೊಡೆಯನ್ನು ಎಷ್ಟು ಬಲವಾಗಿ ಚಿವುಟಿದಳೆಂದರೆ ಸಭೆಯಲ್ಲೇ ಕಿರುಚಿದೆ. ಅದನ್ನು ಎಲ್ಲರೂ ಉತ್ಸಾಹವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಇಷ್ಟಾದ ಮೇಲೆ ಜಯಣ್ಣ ತಮ್ಮ ಜೀವಮಾನದ ದೊಡ್ಡ ತಪ್ಪು ಮಾಡಿದರು. ಮಡಿಕೇರಿಯ ಕ್ರೀಡಾಂಗಣದ ಸೂರು ತುಂಬ ಎತ್ತರವೆಂದು ಯಾರೋ ಅವರ ತಲೆಗೆ ಹುಳ ಬಿಟ್ಟರು. ಕಾಫಿ ಕೊಯ್ಲು ಮುಗಿದು ಕಣಗಳು ಖಾಲಿಯಾಗಿದ್ದ ಕಾಲ. ಊರಾಚೆಯ ತೋಟವೊಂದರಲ್ಲಿ ಕಾಫಿ ಒಣಗಿಸುವ ಕಣಕ್ಕೆ ನಮ್ಮನ್ನು ಕರೆದುಕೊಂಡು ಹೋಗಿ ನೆಟ್ ಕಟ್ಟಿಸಿದರು. ಇಷ್ಟು ವರ್ಷ "ಆಕಾಶದಾಗೆ ಯಾರವ್ರೆ" ಎನ್ನುತ್ತಿದ್ದವರು ಈಗ "ಮೇಲಕ್ಕೆ, ಇನ್ನೂ ಮೇಲಕ್ಕೆ" ಎಂದು ಕೂಗತೊಡಗಿದರು. ಸುತ್ತ ಕಾಫಿ ಹೂವಿನ ಪರಿಮಳ, ತಲೆಯ ಮೇಲೆ ಬಯಲು, ಕುತ್ತಿಗೆ ನೋವು. ನಮಗೆ ಅದು ಸರಿಬರಲೇ ಇಲ್ಲ, ಆದರೆ ಜಯಣ್ಣನ ಎದುರು ಹಾಗೆಂದು ಹೇಳುವವರು ಯಾರು?

ಮಡಿಕೇರಿಯ ಸೂರು ಪಾರಿವಾಳಗಳು ನೆಮ್ಮದಿಯಾಗಿ ಸಂಸಾರ ಮಾಡುವಷ್ಟು ಎತ್ತರದಲ್ಲಿತ್ತು. ಮೊದಲ ಸುತ್ತುಗಳಲ್ಲಿ ಎದುರಾಳಿಗಳೇ ತಪ್ಪು ಹೊಡೆದು ನಮ್ಮನ್ನು ಫೈನಲ್‌ಗೆ ದಾಟಿಸಿದರು. ಫೈನಲ್‌ನಲ್ಲಿ ಸಿಕ್ಕವರು ವಿರಾಜಪೇಟೆ ಕಡೆಯ ಇಬ್ಬರು ಎತ್ತರದ ಹುಡುಗಿಯರು. ನಾವು ಕಣದಲ್ಲಿ ಕಲಿತ ಹಾಗೆ ಮೇಲಕ್ಕೆ ಕಳಿಸಿದೆವು. ಅವರು ಅದರ ಕೆಳಗೆ ಆರಾಮವಾಗಿ ಬಂದು ನಿಂತು ಬಾರಿಸಿದರು. ಅವರು ಮೇಲಕ್ಕೆ ಕಳಿಸಿದ್ದನ್ನು ಲೈಟಿನ ಬೆಳಕಿನಲ್ಲಿ ಹುಡುಕುವುದರೊಳಗೆ ನಮ್ಮ ಪಾಯಿಂಟ್ ಹೋಗಿರುತ್ತಿತ್ತು. ಮೊದಲ ಗೇಮ್ ಹೀನಾಯವಾಗಿ ಸೋತೆವು. ಗ್ಯಾಲರಿಯಲ್ಲಿ ಬೆಳ್ಯಪ್ಪನವರು ಕುಳಿತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಗೋಡೌನಿನ ತುಂಬ ಸೋಫಾ, ಮಂಚಗಳು ಕಣ್ಣ ಮುಂದೆ ಬಂದವು.

ಜಯಣ್ಣ ನಮ್ಮ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ.

"ತಪ್ಪು ನಂದು ಕಣ್ರವ್ವಾ" ಎಂದರು. "ಕಣದಾಗೆ ಹೇಳ್ಕೊಟ್ಟಿದ್ದೆಲ್ಲ ಮರ್ತ್‌ಬುಡಿ. ನನ್ ಬುದ್ಧಿಗೆ ಮಂಕು ಬಡ್ದಿತ್ತು. ಸೆಲ್ವಿ, ನಮ್ ತೊಲೆ ಎಲ್ಲೈತೆ?"

ಸೆಲ್ವಿ ಮೇಲೆ ನೋಡಿದಳು. "ಇಲ್ಲಿ ಎಲ್ಲಿದೆ ಅಣ್ಣಾ? ಊರಲ್ಲಿದೆ."

"ಊರಲ್ಲಿಲ್ಲ. ಅಗೋ ನೋಡು, ನೆಟ್ಟಿನ್ ಮೇಲೆ, ಅಲ್ಲೇ ಐತೆ. ನಂಗ್ ಕಾಣ್ತೈತೆ." ಅವರ ಕೈ ಬ್ರೆಡ್ ಎಸೆಯುವಾಗಿನಂತೆ ಗಾಳಿಯಲ್ಲಿ ನೇರ ಗೆರೆ ಎಳೆಯಿತು. "ತಾಗಿಸಿದ್ರೋ, ಇಷ್ಟ್ ದೊಡ್ಡ ನೆಲಾನೂ ನೀವೇ ಒರೆಸ್ಬೇಕು, ನೋಡ್ಕಳಿ!"

ನಾವಿಬ್ಬರೂ ಆ ನೆಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆವು. "ಅಯ್ಯಯ್ಯೋ, ನನ್ನಿಂದ ಆಗಲ್ಲಪ್ಪಾ" ಎಂದಳು ಸೆಲ್ವಿ. ನಗು ತಡೆಯಲಾಗಲಿಲ್ಲ. ನಗುತ್ತಲೇ ಅಂಕಣಕ್ಕೆ ಹೋದೆವು.

ಆಮೇಲಿನದು ಹೇಳಲು ನನಗೆ ಎಷ್ಟು ಸಲವಾದರೂ ಬೇಸರವಿಲ್ಲ. ಕಾಕು ನೆಟ್ಟನ್ನು ಸವರಿಕೊಂಡು ಹೋಗತೊಡಗಿತು. ಎದೆಗೆ, ಸೊಂಟಕ್ಕೆ, ಮತ್ತೆ ಎದೆಗೆ. ಎತ್ತರದಿಂದ ಇಳಿದು ಬರುವುದಕ್ಕೆ ಕಾದು ಅಭ್ಯಾಸವಾಗಿದ್ದ ಆ ಹುಡುಗಿಯರಿಗೆ ಬ್ಯಾಟ್ ಎತ್ತಲೂ ಪುರಸೊತ್ತು ಸಿಗಲಿಲ್ಲ. ಎರಡನೇ ಗೇಮ್ ನಮ್ಮದಾಯಿತು. ಮೂರನೆಯದು ಕೊನೆಯವರೆಗೂ ಅಕ್ಕಪಕ್ಕದಲ್ಲೇ ಸಾಗಿ ಕಡೆಗೆ ನಮ್ಮ ಗೆಲುವಿಗೆ ಒಂದು ಪಾಯಿಂಟ್ ಉಳಿಯಿತು. ಸೆಲ್ವಿ ಹೊಡೆದದ್ದನ್ನು ತಾಳಲಾರದೆ ಎದುರಿನ ಹುಡುಗಿ ದಿಕ್ಕುಗಾಣದೆ ಮೇಲಕ್ಕೆ ಎತ್ತಿದಳು. ಕಾಕು ಇನ್ನೂ ಗಾಳಿಯಲ್ಲಿರುವಾಗಲೇ ಸೆಲ್ವಿ ಗಂಟಲು ಹರಿಯುವಂತೆ "ತೊಲೆ!" ಎಂದು ಕೂಗಿದಳು. ಅಂಪೈರ್ ಕಕ್ಕಾಬಿಕ್ಕಿಯಾಗಿ ಮೇಲೆ ನೋಡಿದರು. ಕಾಕು ಇಳಿದು ಬಂತು, ಸೆಲ್ವಿ ಅದನ್ನು ನೆಲಕ್ಕೆ ಬಡಿದಳು.

ಜಯಣ್ಣ ಅಂಕಣದೊಳಗೆ ಓಡಿಬಂದು ಕುಣಿದರು. ಆ ಹೊಟ್ಟೆ ಹೊತ್ತುಕೊಂಡು ಕುಣಿಯುವುದು ಸುಲಭವಲ್ಲ, ಆದರೂ ಕುಣಿದರು. ನಾನು ಅತ್ತೆ. ಅಷ್ಟು ಸಂತೋಷದಲ್ಲಿ ನಾನು ಅದಕ್ಕೂ ಮೊದಲು ಅತ್ತಿರಲಿಲ್ಲ.

ಮರುದಿನ ಸೋಮವಾರ, ಸಂತೆ. ಬೆಳ್ಯಪ್ಪನವರೇ ತಮ್ಮ ಜೀಪು ತಂದರು. ಕಪ್ ಹಿಡಿದುಕೊಂಡು ನಾವಿಬ್ಬರು, ಹಿಂದೆ ಬುಟ್ಟಿ ತುಂಬ ಬನ್ನು ಇಟ್ಟುಕೊಂಡು ಜಯಣ್ಣ. ಬಸ್‌ಸ್ಟ್ಯಾಂಡಿನಿಂದ ಸಂತೆಮಾಳದವರೆಗೆ ಇಡೀ ಪೇಟೆಗೆ ಬನ್ನು ಎಸೆದರು. ಸೊಪ್ಪು ಮಾರುವವರಿಗೆ, ಬಸ್ಸಿನ ಕಿಟಕಿಯಲ್ಲಿ ಕುಳಿತವರಿಗೆ, ಡ್ಯೂಟಿಯಲ್ಲಿದ್ದ ಪೊಲೀಸರಿಗೆ. ಒಬ್ಬರೂ ಕೈ ಮೇಲೆತ್ತಬೇಕಾಗಲಿಲ್ಲ, ಎಲ್ಲರಿಗೂ ಎದೆಯ ಮಟ್ಟಕ್ಕೇ ಬಂದು ಸಿಕ್ಕಿತು. ಗೋಡೌನಿನ ಮುಂದೆ ನಿಂತಿದ್ದ ಫರ್ನಿಚರ್ ವ್ಯಾಪಾರಿಗೂ ಒಂದು ಹೋಯಿತು. ಪಾಪ, ಅವನೂ ನಗುತ್ತಾ ಹಿಡಿದುಕೊಂಡ.

ಮುಂದೆ ಕೊಡಗಿನಲ್ಲಿ ಗುಡ್ಡ ಕುಸಿದ ಮಳೆಗಾಲದಲ್ಲಿ ಮನೆ ಕಳೆದುಕೊಂಡವರು ಮಕ್ಕಳುಮರಿ ಸಮೇತ ಬಂದು ಮಲಗಿದ್ದೂ ಗೋಡೌನಿನಲ್ಲೇ. ಫರ್ನಿಚರ್ ತುಂಬಿದ್ದರೆ ಅಷ್ಟು ಜನ ಎಲ್ಲಿಗೆ ಹೋಗಬೇಕಿತ್ತೋ. ಬೆಳಿಗ್ಗೆ ಜಯಣ್ಣ ಬುಟ್ಟಿ ಹೊತ್ತು ತಂದರು. ಅವತ್ತು ಅವರು ಒಂದು ಬ್ರೆಡ್ಡನ್ನೂ ಎಸೆಯಲಿಲ್ಲ. ಒಬ್ಬೊಬ್ಬರ ಮುಂದೆಯೂ ಬಗ್ಗಿ, ಎರಡೂ ಕೈಯಲ್ಲಿ ಕೊಟ್ಟರು. ನಾನು ನೋಡುತ್ತಿದ್ದದ್ದು ಗೊತ್ತಾಗಿ "ಏನ್ ನೋಡ್ತೀಯ, ಟೀ ತತ್ತಾ ಹೋಗು" ಎಂದು ಗದರಿದರು.

ಆಮೇಲಾಮೇಲೆ ನಮ್ಮೂರಿಗೆ ಕಪ್‌ಗಳು ಬರುತ್ತಲೇ ಹೋದವು. ಸಮಿತಿಯವರು ದುಡ್ಡು ಹೊಂದಿಸಿ ಹಳೆಯ ಛಾವಣಿ ತೆಗೆಸಿ, ಎತ್ತರದ ಹೊಸ ಶೀಟು ಹಾಕಿಸಿದರು. ತೊಲೆ ಕೆಳಗಿಳಿಯಿತು. ಅದನ್ನು ಮಾರಬಾರದೆಂದು ಹಟ ಹಿಡಿದವರು ಬೆಳ್ಯಪ್ಪನವರು! ಬಡಗಿಯನ್ನು ಕರೆಸಿ, ಗೋಡೆಯುದ್ದಕ್ಕೂ ನೋಡುಗರು ಕೂರುವ ಬೆಂಚು ಮಾಡಿಸಿದರು.

ಜಯಣ್ಣನನ್ನು ನಾನು ಕೊನೆಯ ಸಲ ನೋಡಿದ್ದು ಆ ಬೆಂಚಿನ ಮೇಲೆ. ಕಾಯಿಲೆಯಿಂದ ಹೊಟ್ಟೆ ಕರಗಿತ್ತು, ಶೂ ಮಾತ್ರ ಬೆಳ್ಳಗಿತ್ತು. ಪಕ್ಕದಲ್ಲಿ ಕೂತೆ. ಅಂಗೈಯಿಂದ ಮರವನ್ನು ತಟ್ಟಿದರು.

"ಇಷ್ಟ್ ವರ್ಷ ನನ್ ತಲೆ ಮೇಲ್ ಕೂತಿತ್ತು ಕಣವ್ವಾ. ಈಗ ನೋಡು, ನಾನೇ ಇದರ್ ಮೇಲ್ ಕೂತಿವ್ನಿ."

"ಗೆದ್ದದ್ದು ಯಾರು ಅಣ್ಣಾ?" ಎಂದೆ.

"ಇಬ್ರೂ" ಎಂದು ಹೊಸ ಸೂರಿನ ಕಡೆ ಒಮ್ಮೆಯೂ ನೋಡದೆ ಆಟವನ್ನೇ ನೋಡುತ್ತಾ ಕುಳಿತರು. ಆ ವರ್ಷದ ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟರು. ಬೇಕರಿಯನ್ನು ಈಗ ಅವರ ಅಳಿಯ ನೋಡಿಕೊಳ್ಳುತ್ತಾರೆ. ಒಳ್ಳೆಯವರು, ಬ್ರೆಡ್ಡನ್ನು ಕವರಿಗೆ ಹಾಕಿ ಕೈಗೇ ಕೊಡುತ್ತಾರೆ. ಆದರೂ ಆ ಅಂಗಡಿಗೆ ಹೋಗುವಾಗಲೆಲ್ಲ ನನಗೆ ಏನೋ ಕಡಿಮೆಯಾದ ಹಾಗಾಗುತ್ತದೆ.

ನಾನೀಗ ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಸೆಲ್ವಿ ಸಿದ್ದಾಪುರದ ಕಡೆ ಇದ್ದಾಳೆ. ಅಲ್ಲಿನ ಲೈನ್ ಮನೆಗಳ ಮಕ್ಕಳಿಗೆ ತೋಟದ ಕಣದಲ್ಲಿ ಶಟಲ್ ಆಡಿಸುತ್ತಾಳೆ. ನೆಟ್ಟಿನ ಮೇಲೆ ಅಡ್ಡಕ್ಕೊಂದು ಹಗ್ಗ ಕಟ್ಟಿದ್ದಾಳಂತೆ, ಯಾಕೆಂದು ನಾನು ಕೇಳಲಿಲ್ಲ. ಇಲ್ಲಿ ಗೋಡೌನಿನ ಸಂಜೆ ಡ್ಯೂಟಿ ನನ್ನದು. ಈಗ ಬರುವ ಹುಡುಗಿಯರು ಹೊಸ ಸೂರಿನ ಕೆಳಗೇ ಆಟ ಶುರುಮಾಡಿದವರು, ತೊಲೆಯನ್ನು ಕಂಡವರಲ್ಲ. ಆದರೂ ಅವರ ಕಾಕು ನೆಟ್ಟನ್ನು ಸವರಿಕೊಂಡೇ ಹೋಗುತ್ತದೆ. ಯಾರಾದರೂ ಸೋಮಾರಿತನಕ್ಕೆ ಮೇಲಕ್ಕೆ ಎತ್ತಿಬಿಟ್ಟರೆ ಎಲ್ಲರೂ ಒಟ್ಟಿಗೆ "ತೊಲೆ!" ಎಂದು ಕೂಗುತ್ತಾರೆ, ಎತ್ತಿದವಳು ತೆಪ್ಪಗೆ ಹೋಗಿ ಒರೆಸುಬಟ್ಟೆ ತರುತ್ತಾಳೆ.

ಕಳೆದ ವಾರ ಕುಶಾಲನಗರದ ತಂಡವೊಂದು ಆಡಲು ಬಂದಿತ್ತು. ಆಟದ ನಡುವೆ ನಮ್ಮ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸಿಟ್ಟಿನಿಂದ ನನ್ನ ಹತ್ತಿರ ಓಡಿಬಂದಳು.

"ಟೀಚರ್, ಅವ್ರಿಗೆ ಶಟಲ್ ರೂಲ್ಸೇ ಗೊತ್ತಿಲ್ಲ. ತೊಲೆ ಅಂದ್ರೆ ಏನು ಅಂತ ಕೇಳ್ತಾರೆ!"

ನಾನು ಬೆಂಚಿನ ಮೇಲೆ ಕುಳಿತಿದ್ದೆ. ಅಂಗೈಯಿಂದ ಮರವನ್ನು ಒಮ್ಮೆ ತಟ್ಟಿದೆ.

"ಹೋಗಿ ಆಡಿ ತೋರಿಸು, ಗೊತ್ತಾಗುತ್ತೆ" ಎಂದೆ.