ಸಭಾಂಗಣವನ್ನೇ ತಿರುಗಿಸಿದ ಕುರ್ಚಿಯಕ್ಕ

ಸೂರ್ಯ ಇನ್ನೂ ಹೊದಿಕೆಯೊಳಗೆ ಮಗ್ಗುಲು ಬದಲಿಸುತ್ತಿರುವ ಹೊತ್ತಿಗೆ ಪತ್ರಕರ್ತರ ಭವನದ ಸಭಾಂಗಣದಲ್ಲಿ ಗುಡುಗು ಶುರುವಾಗುತ್ತದೆ. ಹೆದರಬೇಡಿ, ಅದು ಕುರ್ಚಿಯಕ್ಕ. ಮಡಚುವ ಕಬ್ಬಿಣದ ಕುರ್ಚಿಗಳನ್ನು ಬಗಲಿಗೆರಡರಂತೆ ಇರುಕಿಕೊಂಡು ಅವರು ಓಡಾಡುವ ರಭಸಕ್ಕೆ ಗೋಡೆಯ ಮೇಲಿನ ಮಾಜಿ ಅಧ್ಯಕ್ಷರೆಲ್ಲ ಸೊಟ್ಟಗಾಗುತ್ತಾರೆ. ಅವರು ಈವರೆಗೆ ಹಾಕಿ ತೆಗೆದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಮೆಟ್ಟಿಲಾಗುತ್ತದೆ. ದಾರಿಯಲ್ಲಿ ಸುಸ್ತಾದವರು ಕೂರಲೂ ಪರದಾಡಬೇಕಿಲ್ಲ.

ಪ್ರತಿ ಶನಿವಾರ ಇಲ್ಲಿ ಊರಿನ ವರದಿಗಾರರಿಗೆ ಉಪನ್ಯಾಸ, ಇಲ್ಲವೇ ಸಂವಾದ. ವಿಷಯಕ್ಕೆ ಬರವಿಲ್ಲ, ಕೇಳುವವರಿಗೇ ಬರ. ಬಂದವರು ಬಾಗಿಲ ಪಕ್ಕದ ಹಿಂದಿನ ಸಾಲಿಗೆ ಉಡದಂತೆ ಅಂಟಿಕೊಳ್ಳುತ್ತಾರೆ. ಸ್ವಾಗತ ಭಾಷಣ ಮುಗಿಯುವುದರೊಳಗೆ, ಬಾರದ ಕರೆಗೆ ಫೋನು ಕಿವಿಗಿಟ್ಟು "ಹಲೋ" ಎನ್ನುತ್ತ ಒಬ್ಬೊಬ್ಬರೇ ಜಾರುತ್ತಾರೆ. ಕೊನೆಗೆ ಕಾರ್ಯದರ್ಶಿ ವಂದನೆ ಹೇಳುವುದು ಕುರ್ಚಿಗಳಿಗೆ.

ಮೊದಲು ಈ ಕುರ್ಚಿ ಹಾಕುವ ಕೆಲಸ ಕುರ್ಚಿಯಕ್ಕನ ಗಂಡನದು. ಆತನ ಮಂಡಿ ಸೋತ ಮೇಲೆ ಇವರು ಬಂದರು. ಸೋತದ್ದು ಮಂಡಿ ಮಾತ್ರ, ನಾಲಿಗೆಯಲ್ಲ. "ಖಾಲಿ ಕುರ್ಚಿ ಕಾಯೋಕೂ ಒಬ್ರು ಬೇಕೇನೇ? ಅವೇನು ಓಡಿಹೋಗ್ತಾವಾ?" ಎಂದು ದಿನವೂ ಕೆಣಕುತ್ತಾನೆ.

"ಕುರ್ಚಿ ಓಡಲ್ಲ ರೀ, ಕೂತೋರು ಓಡ್ತಾರೆ" ಎಂದು ಇವರ ಉತ್ತರ.

ನರ್ಸಿಂಗ್ ಓದುವ ಮಗಳು, ಕಿವಿ ಕೇಳದ ಅತ್ತೆ, ಈ ಗಂಡ: ಎಲ್ಲರ ಹೊಟ್ಟೆಯೂ ನಿಂತಿರುವುದು ಆ ಕುರ್ಚಿಗಳ ಮೇಲೆ. ಈ ಶನಿವಾರವಂತೂ ಕುತ್ತಿಗೆಗೇ ಬಂದಿದೆ. ವಂದನಾರ್ಪಣೆಗೆ ಜನ ಉಳಿಯದಿದ್ದರೆ ಉಪನ್ಯಾಸ ಬಂದ್, ಸಭಾಂಗಣ ಟೈರ್ ಗೋದಾಮಿಗೆ, ಕುರ್ಚಿಯಕ್ಕ ಮನೆಗೆ. ಇದು ಭವನದ ಸಮಿತಿಯ ತೀರ್ಮಾನ.

ಅದಕ್ಕೇ ಕುರ್ಚಿಯಕ್ಕ ಇವತ್ತು ಸಭಾಂಗಣವನ್ನೇ ಹಿಂದುಮುಂದು ಮಾಡುತ್ತಾರೆ. ಅತಿಥಿಗಳ ಮೇಜು ಬಾಗಿಲ ಪಕ್ಕಕ್ಕೆ, ಹಿಂದಿನ ಸಾಲು ಎದುರು ಗೋಡೆಗೆ. ಓಡುವವರು ಅತಿಥಿಗಳ ಮೂಗಿನ ಕೆಳಗೇ ಓಡಬೇಕು. ಇಂಥ ವ್ಯೂಹ ಯಾವ ಸೇನಾಪತಿಗೂ ಹೊಳೆದಿರಲಿಕ್ಕಿಲ್ಲ.

ವರದಿಗಾರರು ಬರುತ್ತಾರೆ, ಅಭ್ಯಾಸದಂತೆ ಹಿಂದಿನ ಸಾಲಿಗೆ ನುಗ್ಗುತ್ತಾರೆ, ಬೋನಿಗೆ ಬಿದ್ದ ಇಲಿಗಳಂತೆ ಬಾಗಿಲು ಹುಡುಕುತ್ತಾರೆ. ಸಂವಾದದ ವಿಷಯ, 'ಘಟನಾಸ್ಥಳದಲ್ಲಿ ಕೊನೆಯವರೆಗೂ ನಿಲ್ಲುವುದು'. ಹಿರಿಯ ಸಂಪಾದಕರು ಬೆವರು ಸುರಿಸಿ ಆ ಕುರಿತು ಮಾತಾಡುತ್ತಾರೆ, ಕೂರುತ್ತಾರೆ, ಮೊಣಕೈಗೆ ತಾಗುವಷ್ಟು ಹತ್ತಿರವಿರುವ ಬಾಗಿಲನ್ನು ನೋಡುತ್ತಾರೆ. ಫೋನು ಕಿವಿಗೆ ಹೋಗುತ್ತದೆ. "ಹಲೋ!" ಸಂಪಾದಕರು ಮಾಯ. ಅವರನ್ನು ಕರೆತರುತ್ತೇನೆಂದು ಹೊರಟ, ಪಕ್ಕದ ಕುರ್ಚಿಯ ಇನ್ನೊಬ್ಬ ಅತಿಥಿ ಟಿವಿ ನಿರೂಪಕರೂ ಅತ್ತಲೇ ಮಾಯ.

ಬರಿದಾದ ಮೇಜು ಕಂಡು ಕುರ್ಚಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ, ಮೇಜಿಗೆ ಕೂತೋರೂ ಪತ್ರಕರ್ತರೇ ಅನ್ನೋದು ಮರ್ತೇಬಿಟ್ಟೆ."

ಟೈರುಗಳ ವಾಸನೆ ಆಗಲೇ ಅವರ ಮೂಗಿಗೆ ಅಡರುತ್ತಿದೆ. ಅಷ್ಟರಲ್ಲಿ ಗೋಡೆಯ ಕಡೆಯಿಂದ ಹೊಸ ವರದಿಗಾರ್ತಿಯೊಬ್ಬಳು, ಸಂಪಾದಕರಿಗೆಂದು ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಗಾಳಿಗೇ ಎಸೆಯುತ್ತಾಳೆ: "ಸತ್ತವರ ಮನೇಲಿ ಎಲ್ಲರೂ ಅಳ್ತಿರ್ತಾರೆ. ಮಾತು ಹೇಗೆ ಶುರು ಮಾಡೋದು?"

ಹಳೇ ಅಪರಾಧ ವರದಿಗಾರರೊಬ್ಬರು ಅವಳತ್ತ ಕುರ್ಚಿ ತಿರುಗಿಸುತ್ತಾರೆ. "ಕುಡಿಯೋಕೆ ನೀರು ಕೇಳಮ್ಮ. ನೀರು ತರೋಕೆ ಯಾರೋ ಒಬ್ರು ಏಳ್ತಾರೆ. ಎದ್ದೋರು ಮಾತಾಡ್ತಾರೆ."

"ನಾನೂ ಹಂಗೇ ಕೇಳಿ ಕೇಳಿ ಕುಡಿದೆ ಅಣ್ಣ" ಎನ್ನುತ್ತಾನೆ ಪಕ್ಕದ ಫೋಟೊಗ್ರಾಫರ್. "ಕೊನೆಗೆ ಅವರ ಬಚ್ಚಲು ಎಲ್ಲಿ ಅಂತ ಕೇಳಬೇಕಾಯ್ತು."

ಎಲ್ಲರೂ ನಕ್ಕ ಸದ್ದಿಗೆ ಸೊಟ್ಟಗಿದ್ದ ಅಧ್ಯಕ್ಷರೆಲ್ಲ ನೆಟ್ಟಗಾದರೆಂದು ಪ್ರತೀತಿ. ಕುರ್ಚಿಗಳು ತಾವಾಗಿಯೇ ಸುತ್ತುಗಟ್ಟುತ್ತವೆ. ಒಬ್ಬರ ಕಥೆ ಮುಗಿಯುವ ಮೊದಲೇ ಇನ್ನೊಬ್ಬರದು ಶುರು. ಕಾರ್ಯದರ್ಶಿ ವಂದನೆಗೆ ಎದ್ದರೆ ಎದುರಿಗೆ ನಿಜವಾದ ಮುಖಗಳು! ಗಾಬರಿಯಲ್ಲಿ ಅವರು ಇಲ್ಲದ ಅತಿಥಿಗಳಿಗೇ ಎರಡೆರಡು ಸಲ ವಂದಿಸುತ್ತಾರೆ. ವಂದನೆ ಮುಗಿದರೂ ಯಾರೂ ಏಳುವುದಿಲ್ಲ.

"ಟೈರಿನವರಿಗೆ ಬೇರೆ ಜಾಗ ನೋಡ್ಕೊಳ್ಳಿ ಅಂತೀನಿ, ಅಕ್ಕ" ಎಂದು ಕಾರ್ಯದರ್ಶಿ ಮೆಲ್ಲನೆ ಹೇಳುತ್ತಾರೆ.

ಎತ್ತಿಡಲು ಆ ಸುತ್ತಿನಲ್ಲಿ ಒಂದೂ ಖಾಲಿ ಕುರ್ಚಿ ಸಿಗದೆ, ಕುರ್ಚಿಯಕ್ಕ ಮೂಲೆಯಲ್ಲಿ ಮಡಚಿಟ್ಟಿದ್ದ ಒಂದನ್ನು ಬಿಡಿಸಿ ತಾವೂ ಕೂರುತ್ತಾರೆ. ಇಷ್ಟು ವರ್ಷದಲ್ಲಿ ಇದೇ ಮೊದಲು. ಸ್ವಲ್ಪ ಹೊತ್ತು ಅತ್ತ ಇತ್ತ ಸರಿದಾಡಿ, ಏನಾದರೂ ಆಸೆ ಇದೆಯೇ ಎಂದು ಕೇಳಿದ ಕಾರ್ಯದರ್ಶಿಯತ್ತ ವಾಲುತ್ತಾರೆ.

"ಸೀಟಿಗೊಂದು ಮೆತ್ತೆ ಹಾಕಿಸಿಕೊಟ್ರೆ ಸಾಕು. ಪಾಪ, ಅವರೆಲ್ಲ ಎದ್ದು ಹೋಗ್ತಿದ್ದಿದ್ದು ಸುಮ್ನೆ ಅಲ್ಲ."